ಮನ್ರೋ ಸಾಹೇಬರ ಪಿಂಗಾಣಿ ಸಂಪುಟ

ಹರಪನಹಳ್ಳಿಯ ಒಂದು ಜೈನ ಮನೆಯ ದೇವರ ಗೂಡಿನಲ್ಲಿ ಅಂಗೈಯಗಲದ ಪಿಂಗಾಣಿ ಸಂಪುಟವೊಂದಿತ್ತು. ಮನೆಯವರ ಬಾಯಲ್ಲಿ ಅದು ಭರಣಿ. ಬಿಳಿಯ ಮೈ, ಅಂಚಿಗೆ ಸವೆದ ಚಿನ್ನದ ಗೆರೆ, ಮುಚ್ಚಳದ ಮೇಲೆ ಪುಟ್ಟದೊಂದು ಕನ್ನಡಿಯ ಚೌಕಟ್ಟು, ಅದರ ಮುಂದೆ ಕಾಳಿನಷ್ಟು ಗಾತ್ರದ ಹೂಜಿ ಮತ್ತು ಬಟ್ಟಲು. ಎಡಗಡೆಯ ಅಂಚು ಯಾವಾಗಲೋ ಒಡೆದಿತ್ತು. ಮನೆಯ ಹಿರಿಯಾಕೆ ಪ್ರತಿದಿನ ಸ್ನಾನ ಮುಗಿಸಿ ಅದರಿಂದ ಕೇಸರಿಯ ಎಸಳನ್ನು ತೆಗೆದು ಗಂಧದೊಡನೆ ತೇಯುತ್ತಿದ್ದರು. ಅವರಿಗೂ ಮೊದಲು ಅವರ ಅತ್ತೆಯವರು ಕೊಟ್ಟೂರಿನ ಹಳೆಯ ಮನೆಯಲ್ಲಿ ಅದೇ ಸಂಪುಟದಿಂದ ಅದನ್ನೇ ಮಾಡುತ್ತಿದ್ದರು. ಗೂಡು ಬಿಟ್ಟು ಕದಲದೆಯೇ ಆ ಸಂಪುಟ ಅನೇಕ ಸರಕಾರಿ ಮೊಹರುಗಳ ಕೆಳಗೆ ಬಾಳಿತು. 1997ರಲ್ಲಿ ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು.

2022ರಲ್ಲಿ ಆ ಹಿರಿಯಾಕೆಗೆ ಎಂಬತ್ತನಾಲ್ಕು ವರ್ಷ. ಮಕ್ಕಳಿಲ್ಲ, ಪತಿ ತೀರಿಹೋಗಿ ಬಹುಕಾಲವಾಗಿತ್ತು. ತಮ್ಮ ನಂತರ ಸಂಪುಟ ಯಾರ ಮನೆಯ ಗಾಜಿನ ಕಪಾಟನ್ನಾದರೂ ಸೇರಿ ಆಟಿಗೆಯಾಗುವುದು ಅವರಿಗೆ ಇಷ್ಟವಿರಲಿಲ್ಲ. ತಾವು ನಡೆದುಕೊಳ್ಳುವ ಬಸದಿಗೆ ಕೇಸರಿ ಇಡುವುದಕ್ಕೆಂದು ಅದನ್ನು ಒಪ್ಪಿಸಬೇಕೆಂದು ಅವರು ನಿಶ್ಚಯಿಸಿದರು.

ಟ್ರಸ್ಟಿನ ಹಿರಿಯರೊಬ್ಬರು ಸಂಪುಟವನ್ನು ತಿರುಗಿಸಿ ನೋಡಿ, ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳಿದರು: “ಇದು ಬೋನ್ ಚೈನಾ ಅಲ್ಲವಷ್ಟೆ?”

ಆ ಪ್ರಶ್ನೆ ಅನುಚಿತವಾದುದಲ್ಲ. ಪಿಂಗಾಣಿಯೆಂದು ನಾವು ಒಂದೇ ಹೆಸರಿನಿಂದ ಕರೆಯುವ ವಸ್ತುವಿನಲ್ಲಿ ಎರಡು ಬೇರೆಯೇ ಕುಲಗಳಿವೆ. ಚೀನದಲ್ಲಿ ಹುಟ್ಟಿದ ಗಟ್ಟಿ ಪಿಂಗಾಣಿಗೆ ಬೇಕಾಗುವುದು ಕೇವಲ ಮಣ್ಣು ಮತ್ತು ಕಲ್ಲು: ಕೇಓಲಿನ್ ಎಂಬ ಬಿಳಿ ಜೇಡಿ, ಫೆಲ್ಡ್‌ಸ್ಪಾರ್ ಮತ್ತು ಬೆಣಚು. ಇವನ್ನು ಸುಮಾರು 1400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಮೈ ಗಾಜಿನಂತೆ ಬೆಸೆದುಕೊಳ್ಳುತ್ತದೆ. ಯೂರೋಪಿನವರಿಗೆ ಈ ರಹಸ್ಯ ಬಹುಕಾಲ ತಿಳಿದಿರಲಿಲ್ಲ. ಸ್ಯಾಕ್ಸನಿಯ ಅರಸ ಆಗಸ್ಟಸನು ಬಾಟ್ಗರ್ ಎಂಬ ಯುವಕನನ್ನು ಚಿನ್ನ ಮಾಡಿಕೊಡೆಂದು ಸೆರೆಯಲ್ಲಿಟ್ಟಿದ್ದನು. ಅವನಿಂದ ಚಿನ್ನವೇನೂ ಆಗಲಿಲ್ಲ, ಆದರೆ ಪಿಂಗಾಣಿ ಆಯಿತು. 1710ರಲ್ಲಿ ಮೈಸನ್ನಿನಲ್ಲಿ ಕಾರ್ಖಾನೆ ಆರಂಭವಾಯಿತು. ಇಂಗ್ಲೆಂಡಿನವರು ಹಿಡಿದ ದಾರಿ ಬೇರೆ. ಅವರು ಜೇಡಿಗೆ ದನದ ಮೂಳೆಯನ್ನು ಸುಟ್ಟ ಬೂದಿಯನ್ನು ಬೆರೆಸಿದರು. 1790ರ ದಶಕದಲ್ಲಿ ಸ್ಟೋಕ್ ಪಟ್ಟಣದ ಸ್ಪೋಡ್ ಮನೆತನದವರು ಅದರ ಪಾಕವನ್ನು ಹದಕ್ಕೆ ತಂದರು. ಆ ಪಾಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಮೂಳೆಯ ಬೂದಿಯೇ. ಹೆಸರಿನಲ್ಲಿರುವ ಬೋನ್ ಎಂಬ ಮಾತು ಅಲಂಕಾರಕ್ಕೆ ಹೇಳಿದ್ದಲ್ಲ. ಅತಿಥಿಗಳ ಮುಂದಿಡುವ ಚಹದ ಬಟ್ಟಲನ್ನು ಕೊಳ್ಳುವಾಗ ಇದನ್ನು ಗಮನಿಸದಿರುವವರು ಶ್ರಾವಕರಲ್ಲಿ ಇಂದಿಗೂ ಕಡಿಮೆಯಿಲ್ಲ. ಬೆಳ್ಳಿಯ ವರಖನ್ನು ಪ್ರಾಣಿಯ ಕರುಳಿನ ಪೊರೆಗಳ ನಡುವೆ ಇಟ್ಟು ಬಡಿಯುತ್ತಿದ್ದರೆಂಬುದನ್ನು ವಿಚಾರಿಸಿ ತಿಳಿದುಕೊಂಡ ಸಮಾಜವೇ ತನ್ನ ಚಹದ ಬಟ್ಟಲನ್ನು ವಿಚಾರಿಸದೆ ಬಿಟ್ಟಿದೆ.

ಹಿರಿಯಾಕೆ ಸಂಪುಟವನ್ನು ಮನೆಗೆ ತಂದರು. ಅಂದಿನಿಂದ ಅದರಲ್ಲಿ ಕೇಸರಿ ಇಡಲಿಲ್ಲ. ಮೂರು ದಿನ ಸರಿಯಾಗಿ ಊಟವನ್ನೂ ಮಾಡಲಿಲ್ಲವೆಂದು ನೆರೆಯವರು ಹೇಳಿದರು. ಅವರ ಚಿಂತೆ ತಮ್ಮ ವಿಷಯದ್ದಾಗಿರಲಿಲ್ಲ. ಅತ್ತೆಯವರು ಎಷ್ಟೋ ವರ್ಷ ಸ್ವಾಮಿಗೆ ಮೂಳೆಯ ಪಾತ್ರೆಯಿಂದ ಗಂಧ ಒಪ್ಪಿಸಿದಂತಾಯಿತೇ ಎಂಬುದೇ ಅವರನ್ನು ಕಾಡುತ್ತಿತ್ತು.

ಅವರು ಕೊಟ್ಟೂರಿನಲ್ಲಿರುವ ತಮ್ಮ ಭಾವನವರ ಮಗನಿಗೆ ಫೋನು ಮಾಡಿಸಿದರು. ಆತ ನಿವೃತ್ತ ಪ್ರೌಢಶಾಲಾ ಉಪಾಧ್ಯಾಯರು. ಶಾಸ್ತ್ರವನ್ನೂ ತಕ್ಕಮಟ್ಟಿಗೆ ಓದಿಕೊಂಡವರು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಟ್ಟಿರುವುದನ್ನು ಅವರು ಕಕ್ಕಿಗೆ ತಿಳಿಸಿ ಹೇಳಿದರು. ಅಜ್ಜಿಗೆ ಸಂದೇಹವೇ ಹುಟ್ಟಿರಲಿಲ್ಲ. ಆಕೆಯ ಭಾವದಲ್ಲಿ ದೋಷವಿರಲಿಲ್ಲ. ಆದರೆ ಸಂದೇಹ ಹುಟ್ಟಿದ ಮೇಲೆ ನೋಡದೆ ಸುಮ್ಮನಿರುವುದು ಪ್ರಮಾದವಾಗುತ್ತದೆ. ಆದುದರಿಂದ ಪರೀಕ್ಷಿಸಿಯೇ ಬಿಡಬೇಕೆಂದು ಇಬ್ಬರೂ ಒಪ್ಪಿದರು. ಸಂಪುಟ ಹತ್ತಿಯಲ್ಲಿ ಸುತ್ತಿಸಿಕೊಂಡು, ಸ್ಟೀಲ್ ಡಬ್ಬಿಯೊಳಗೆ ಕುಳಿತು, ಬಸ್ಸಿನಲ್ಲಿ ಕೊಟ್ಟೂರಿಗೆ ಬಂದಿತು.

ಪರೀಕ್ಷೆಯನ್ನು ಕೈಗೆತ್ತಿಕೊಂಡಾಗ ಮಾಸ್ತರರ ಮುಂದೆ ಒಂದು ಐತಿಹ್ಯವಿತ್ತು. ಈ ಸಂಪುಟವನ್ನು ಮನ್ರೋ ಸಾಹೇಬರು ಮನೆತನದ ಹಿರಿಯರಿಗೆ ದಯಪಾಲಿಸಿದರೆಂಬ ಮಾತು ತಲೆಮಾರುಗಳಿಂದ ನಡೆದುಬಂದಿತ್ತು. ನಿಜಾಮನಿಂದ 1800ರಲ್ಲಿ ಕಂಪನಿಗೆ ಬಂದ ಸೀಮೆಗೆ ಥಾಮಸ್ ಮನ್ರೋ 1807ರವರೆಗೆ ಪ್ರಧಾನ ಕಲೆಕ್ಟರನಾಗಿದ್ದನು. ರಯತವಾರಿ ಪದ್ಧತಿಯನ್ನು ಇಲ್ಲಿ ನೆಲೆಗೊಳಿಸಿದವನೂ ಅವನೇ. ಜನರ ಮನಸ್ಸಿನಲ್ಲಿ ಅವನ ಮೇಲಿದ್ದ ಗೌರವ ಎಷ್ಟೆಂದರೆ, ಬಳ್ಳಾರಿ ಸೀಮೆಯ ಯಾವ ಹಳೆಯ ಮನೆಯಲ್ಲಿ ಯಾವ ವಿಲಾಯತಿ ವಸ್ತು ಸಿಕ್ಕರೂ ಅದನ್ನು ಮನ್ರೋನ ಲೆಕ್ಕಕ್ಕೆ ಬರೆಯುವುದು ರೂಢಿಯೇ ಆಗಿಹೋಗಿತ್ತು.

ಮೊದಲು ಕಣ್ಣಿನ ಪರೀಕ್ಷೆ. ತೆಳುವಾದ ಬೋನ್ ಚೈನಾದ ಹಿಂದೆ ದೀಪ ಹಿಡಿದರೆ ಬೆಳಕು ಕೆನೆಯ ಬಣ್ಣದಲ್ಲಿ ಬೆಚ್ಚಗೆ ಹಾಯುತ್ತದೆ. ಗಟ್ಟಿ ಪಿಂಗಾಣಿಯಲ್ಲಿ ಅದು ತುಸು ನೀಲಿಯಾಗಿ ತಣ್ಣಗೆ ಕಾಣುತ್ತದೆ. ಆದರೆ ಅಚ್ಚಿನಲ್ಲಿ ಒತ್ತಿದ ಈ ಸಂಪುಟದ ಗೋಡೆ ದಪ್ಪ. ಬೆಳಕು ಅರೆಮನಸ್ಸಿನಿಂದ ಹಾದುಬಂದಿತೇ ಹೊರತು ಸಾಕ್ಷ್ಯ ಹೇಳಲಿಲ್ಲ. ಒಡೆದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅದು ಗಾಜು ಒಡೆದಂತೆ ನುಣುಪಾಗಿ, ಚಿಪ್ಪಿನಾಕಾರವಾಗಿ ಕಂಡಿತು. ಇದು ಗಟ್ಟಿ ಪಿಂಗಾಣಿಯ ಲಕ್ಷಣ. ತಳದಲ್ಲಿ ಹೊಳಪಿನ ಲೇಪವಿರಲಿಲ್ಲ. ಅಲ್ಲಿ ಕಾರ್ಖಾನೆಯ ಮುದ್ರೆಯೂ ಇರಲಿಲ್ಲ. ಹಸಿಯಾಗಿದ್ದಾಗ ಒತ್ತಿದ ನಾಲ್ಕು ಅಂಕಿಗಳು ಮಾತ್ರ ಇದ್ದವು.

ಮಾಸ್ತರರ ಪರಿಚಿತರೊಬ್ಬರು ಸಂಪುಟದ ಚಿತ್ರವನ್ನು ದೊಡ್ಡ ನಗರದ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬನಿಗೆ ಕಳುಹಿಸಿದರು. ಅವನಿಂದ ಬಂದ ಉತ್ತರ ಸ್ವಾರಸ್ಯಕರವಾದುದು. ಇದು ಮೈಸನ್ ಎಂದು ಹೇಳಬಹುದಂತೆ. ಮನ್ರೋ ಕೊಟ್ಟದ್ದೆಂದು ಮನೆತನದವರು ಒಂದು ಕಾಗದ ಬರೆದುಕೊಟ್ಟರೆ ಒಳ್ಳೆಯ ಬೆಲೆ ಬರುತ್ತದಂತೆ. ತಳದಲ್ಲಿ ನೀಲಿಯ ಎರಡು ಕತ್ತಿಗಳ ಮುದ್ರೆ ಇಲ್ಲದಿರುವುದು ದೊಡ್ಡ ತೊಡಕಲ್ಲವಂತೆ. ಆ ಕತ್ತಿಗಳನ್ನು ಮೈಸನ್ನಿನವರಿಗಿಂತ ಹೆಚ್ಚಾಗಿ ಇತರರೇ ಬರೆದಿದ್ದಾರೆಂದು ಬಲ್ಲವರು ನಗೆಯಾಡುವುದುಂಟು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ, ಎಂದರೆ ನಕಲಿಯನ್ನು ಅಸಲಿಯೆಂದು ಮಾರುವುದು. ಕಳ್ಳತನದ ಪಕ್ಕದಲ್ಲಿಯೇ ಅದನ್ನು ಕೂರಿಸಿದವರಿಗೆ ಪೇಟೆಯ ಸ್ವಭಾವ ಚೆನ್ನಾಗಿ ತಿಳಿದಿತ್ತು. ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆಂಬುದನ್ನೂ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕೆಂಬುದನ್ನೂ ಬಸದಿಗಳ ಟ್ರಸ್ಟಿನವರು ಈ ಸಂದರ್ಭದಲ್ಲಿ ನೆನಪಿಡುವುದು ಒಳ್ಳೆಯದು. ಮಾಸ್ತರರು ವ್ಯಾಪಾರಿಗೆ ಮರುತ್ತರ ಬರೆಯಲಿಲ್ಲ.

ಅನಂತರದ ಸುಳಿವು ಇಂಗ್ಲೆಂಡಿನಿಂದ ಬಂದಿತು. ಬಂಧುಗಳ ಮಗಳೊಬ್ಬಳು ಅಲ್ಲಿ ಉದ್ಯೋಗದಲ್ಲಿದ್ದಳು. ಚಿತ್ರವನ್ನು ನೋಡಿದ ಅವಳು, ಇಂಥವನ್ನು ಅಲ್ಲಿಯ ಹಳೆಯ ಸಾಮಾನಿನ ಸಂತೆಗಳಲ್ಲಿ ಕಂಡಿರುವೆನೆಂದು ತಿಳಿಸಿ, ಸಂಗ್ರಾಹಕರ ಪುಸ್ತಕಗಳ ಪುಟಗಳನ್ನು ಕಳುಹಿಸಿದಳು. ಅಲ್ಲಿ ಅವುಗಳ ಹೆಸರು ಫೇರಿಂಗ್. ಜಾತ್ರೆಯಲ್ಲಿ ಗುರಿ ಹೊಡೆದವನಿಗೆ ಬಹುಮಾನವಾಗಿ ಕೊಡುವ, ಇಲ್ಲವೇ ಕೆಲವು ಕಾಸಿಗೆ ಕೊಳ್ಳುವ ಅಗ್ಗದ ಸಾಮಾನು. ಕೊಟ್ಟೂರಿನ ಗುರುಬಸವೇಶ್ವರನ ತೇರಿನಲ್ಲಿ ಮಕ್ಕಳಿಗೆ ಕೊಡಿಸುವ ಬಣ್ಣದ ಆಟಿಗೆಯಂತೆಯೇ ಎಂದು ತಿಳಿದರೆ ಸಾಕು. ಬಹುಕಾಲ ಇವನ್ನು ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿ ಮಾಡಿದವೆಂದೇ ಭಾವಿಸಿದ್ದರು. ಆದರೆ ಇವುಗಳಲ್ಲಿ ಹೆಚ್ಚಿನವು ಜರ್ಮನಿಯ ತುರಿಂಗಿಯಾ ಪ್ರಾಂತದ ಪೋಸ್ನೆಕ್ ಊರಿನ ಕೊಂಟಾ ಮತ್ತು ಬೋಹ್ಮೆ ಕಾರ್ಖಾನೆಯಲ್ಲಿ 19ನೇ ಶತಮಾನದ ಉತ್ತರಾರ್ಧದಲ್ಲಿ ತಯಾರಾದವು. ಮುಚ್ಚಳದ ಮೇಲೆ ಕನ್ನಡಿ ಮೇಜು, ಹೂಜಿ, ಗಡಿಯಾರ ಮುಂತಾದವುಗಳಿರುವ ಪುಟ್ಟ ಪೆಟ್ಟಿಗೆಗಳು ಆ ಕಾರ್ಖಾನೆಯ ದೊಡ್ಡ ಸರಕು. ತಳದಲ್ಲಿ ಒತ್ತಿದ ಅಂಕಿ ಅಚ್ಚಿನ ಸಂಖ್ಯೆ. ಕೆಲವು ಪೆಟ್ಟಿಗೆಗಳಲ್ಲಿ ಅದರ ಜೊತೆಗೆ ಕಠಾರಿ ಹಿಡಿದ ಮಡಿಸಿದ ತೋಳಿನ ಗುರಾಣಿ ಮುದ್ರೆಯೂ ಇರುತ್ತದೆ, ಕೆಲವುಗಳಲ್ಲಿ ಅಂಕಿ ಮಾತ್ರ. 1887ರಲ್ಲಿ ಇಂಗ್ಲೆಂಡಿನಲ್ಲಿಯೂ 1890ರಲ್ಲಿ ಅಮೆರಿಕೆಯಲ್ಲಿಯೂ ಆದ ಕಾನೂನುಗಳ ಅನಂತರ ಹೊರಗೆ ಹೋಗುವ ಸರಕಿನ ಮೇಲೆ ದೇಶದ ಹೆಸರನ್ನು ಹಾಕುವುದು ವಾಡಿಕೆಗೆ ಬಂದಿತು. ಸಂಪುಟದ ಮೇಲೆ ಜರ್ಮನಿಯ ಹೆಸರಿಲ್ಲದಿರುವುದು ಅದು ಆ ಕಾಲಕ್ಕಿಂತ ಹಿಂದಿನದಿರಬಹುದೆಂಬುದಕ್ಕೆ ಒಂದು ಸೂಚನೆ, ನಿರ್ಣಾಯಕವಲ್ಲ.

ಇಂಗ್ಲೆಂಡಿನದೋ ತುರಿಂಗಿಯಾದ್ದೋ ಎಂಬುದು ಸಂಗ್ರಾಹಕನಿಗೆ ಕುತೂಹಲದ ಮಾತು. ಶ್ರಾವಕನಿಗೆ ಮಾತ್ರ ಎಲ್ಲವೂ ಅದರ ಮೇಲೆಯೇ ನಿಂತಿತ್ತು. ಸ್ಟಾಫರ್ಡ್‌ಶೈರಿನದಾದರೆ ಮೂಳೆಯ ಶಂಕೆ ಬಲವಾಗುತ್ತದೆ; ತುರಿಂಗಿಯಾದವರು ಮಾಡುತ್ತಿದ್ದುದು ಗಟ್ಟಿ ಪಿಂಗಾಣಿ. ಪುಸ್ತಕದ ಚಿತ್ರಕ್ಕೂ ಕೈಯಲ್ಲಿದ್ದ ವಸ್ತುವಿಗೂ ಹೋಲಿಕೆ ಇತ್ತು. ಆದರೂ ಹೋಲಿಕೆಯೊಂದನ್ನೇ ನಂಬಿ ಕಕ್ಕಿಗೆ ಮಾತು ಕೊಡುವುದಕ್ಕೆ ಮಾಸ್ತರರ ಮನಸ್ಸು ಒಪ್ಪಲಿಲ್ಲ. ಒಂದು ಚೂರು ಮುರಿದುಕೊಟ್ಟರೆ ಆಮ್ಲದಲ್ಲಿ ಕರಗಿಸಿ ರಂಜಕದ ಅಂಶ ನೋಡಬಹುದೆಂದು ಯಾರೋ ಸೂಚಿಸಿದರು. ಪೂಜೆಯ ವಸ್ತುವನ್ನು ಮುರಿಯುವುದು ಅವರಿಗೆ ಸಮ್ಮತವಾಗಲಿಲ್ಲ.

ಆಗ ನೆರವಿಗೆ ಬಂದದ್ದು ಹೊಸಪೇಟೆಯ ಕಡೆಯ ಅದಿರಿನ ಉದ್ಯಮ. ಕಬ್ಬಿಣದ ಅದಿರಿನಲ್ಲಿ ರಂಜಕ ಹೆಚ್ಚಿದ್ದರೆ ಉಕ್ಕು ಬಿರುಸಾಗಿ ಒಡೆಯುತ್ತದೆ. ಆದುದರಿಂದ ಅದಿರನ್ನು ಪರೀಕ್ಷಿಸುವವರು ರಂಜಕವನ್ನು ತಪ್ಪದೆ ನೋಡುತ್ತಾರೆ. ಕ್ಷ-ಕಿರಣ ಹಾಯಿಸಿ ವಸ್ತುವಿನ ಮೂಲಧಾತುಗಳನ್ನು ಗುರುತಿಸುವ ಯಂತ್ರ ಅವರಲ್ಲಿರುತ್ತದೆ. ಅದಕ್ಕೆ ವಸ್ತುವನ್ನು ಒಡೆಯಬೇಕಾಗಿಲ್ಲ. ಹಳೆಯ ಶಿಷ್ಯನೊಬ್ಬ ಅಂಥ ಒಂದು ಪ್ರಯೋಗಾಲಯದಲ್ಲಿದ್ದನು. ಲೇಪವಿಲ್ಲದ ತಳದ ಮೇಲೆ ಕಿರಣ ಹಾಯಿಸಿ ಬಂದ ಚೀಟಿಯನ್ನು ಮಾಸ್ತರರು ಹಡಗಲಿಯಲ್ಲಿದ್ದ ತಮ್ಮ ಸಹಪಾಠಿಯ ಬಳಿಗೆ ಒಯ್ದರು. ಆತ ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕರು. ಮಲ್ಲಿಗೆಯ ತೋಟದ ಕಟ್ಟೆಯ ಮೇಲೆ ಕುಳಿತು ಅವರು ಚೀಟಿಯನ್ನು ಎರಡು ಸಲ ಓದಿದರು. ಮೂಳೆಯ ಬೂದಿ ಎಂದರೆ ಸುಣ್ಣ ಮತ್ತು ರಂಜಕ ಕೂಡಿದ್ದು. ಬೋನ್ ಚೈನಾ ಆಗಿದ್ದರೆ ಸುಣ್ಣದ ಅಂಶವೇ ತೂಕದ ಕಾಲುಭಾಗದಷ್ಟು ಕಾಣಬೇಕಿತ್ತು, ರಂಜಕವೂ ಎದ್ದು ತೋರಬೇಕಿತ್ತು. ಇಲ್ಲಿ ಇದ್ದುದು ಸಿಲಿಕಾನ್, ಅಲ್ಯುಮಿನಿಯಂ, ಪೊಟ್ಯಾಸಿಯಂ. ಸುಣ್ಣ ಅತ್ಯಲ್ಪ, ರಂಜಕ ಇಲ್ಲವೆಂಬಷ್ಟು. “ಮಣ್ಣು, ಕಲ್ಲು, ಮತ್ತೇನೂ ಇಲ್ಲ” ಎಂದು ಅವರು ಚೀಟಿಯನ್ನು ಹಿಂದಿರುಗಿಸಿದರು.

ಅಲ್ಲಿಗೆ ಕಕ್ಕಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಮಾಸ್ತರರ ಪ್ರಶ್ನೆ ಆಗಲೇ ಹುಟ್ಟಿದ್ದು.

ಮನ್ರೋ ಈ ಸೀಮೆಯನ್ನು ಬಿಟ್ಟದ್ದು 1807ರಲ್ಲಿ, ತೀರಿಕೊಂಡದ್ದು 1827ರಲ್ಲಿ. ಸಂಪುಟ ಅಚ್ಚಿನಿಂದ ಹೊರಬಂದದ್ದು ಅವನು ತೀರಿಕೊಂಡು ಹಲವು ದಶಕಗಳಾದ ಮೇಲೆ. ಸತ್ತವನು ಕೊಡುಗೆ ಕೊಟ್ಟಿರಲಾರನು. ಹತ್ತಿಯ ವ್ಯಾಪಾರಕ್ಕೆ ಬಳ್ಳಾರಿಗೋ ಮದರಾಸಿಗೋ ಹೋದ ಹಿರಿಯರೊಬ್ಬರು ಅಂಗಡಿಯಲ್ಲಿ ಚಂದ ಕಂಡು ಕೊಂಡು ತಂದದ್ದಿರಬೇಕು. ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಾಗಿತ್ತು. ಆದರೆ ಮಾಸ್ತರರ ಮನೆಯ ಪೆಟ್ಟಿಗೆಯಲ್ಲಿ 1969ರ ಪಾಲುಪತ್ರವೊಂದಿತ್ತು. ಆಗ ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿಗೆ ಸೇರಿತ್ತು. ಪತ್ರವನ್ನು ಕೂಡ್ಲಿಗಿಯಲ್ಲಿಯೇ ಬರೆಸಿದ್ದರು. ಹೊಲ, ಮನೆ, ಅಂಗಡಿ, ತಾಮ್ರದ ಹಂಡೆಗಳೆಲ್ಲ ಸಮಪಾಲಾದ ಮೇಲೆ ಉಳಿದವು ಎರಡು ವಸ್ತುಗಳು: ಅಜ್ಜಿಯ ನಾಲ್ಕು ತೊಲೆ ಬಂಗಾರದ ಬಿಲ್ವಾರ ಮತ್ತು ಈ ಸಂಪುಟ. ಪಂಚರು ಎರಡನ್ನೂ ಸರಿಸಮವೆಂದು ಗಣಿಸಿದರು. ಬಿಲ್ವಾರ ಅಣ್ಣನಿಗೆ, ಎಂದರೆ ಮಾಸ್ತರರ ತಂದೆಗೆ. “ಮನ್ರೋ ಸಾಹೇಬರು ದಯಪಾಲಿಸಿದ ಬೆಲೆಬಾಳುವ ಪಿಂಗಾಣಿ ಸಂಪುಟ” ತಮ್ಮನಿಗೆ.

ತಂದೆ ಮೋಸಗಾರರಾಗಿರಲಿಲ್ಲ. ಪಂಚರೂ ಅಲ್ಲ. ಎಲ್ಲರೂ ನಂಬಿದ್ದ ಮಾತನ್ನೇ ಬರೆದರು. ಆದರೆ ಅಜ್ಜಿಯ ಪ್ರಶ್ನೆಗೆ ಮಾಸ್ತರರು ತಾವೇ ಕೊಟ್ಟಿದ್ದ ಉತ್ತರ ಈಗ ತಮ್ಮ ಕಡೆಗೇ ತಿರುಗಿತು. ತಿಳಿಯದೆ ಆದುದು ಒಂದು. ತಿಳಿದ ಮೇಲೆ ಸುಮ್ಮನಿರುವುದು ಇನ್ನೊಂದು. ಸಂಪುಟಕ್ಕೆ ಬೆಲೆಯಿಲ್ಲವೆಂದಾದರೆ ಬಿಲ್ವಾರ ಇಬ್ಬರಿಗೂ ಸೇರಬೇಕಾಗಿತ್ತು. ಎರಡು ತೊಲೆ ಬಂಗಾರ ಐವತ್ತಮೂರು ವರ್ಷಗಳಿಂದ ಕೊಟ್ಟೂರಿನ ಮನೆಯಲ್ಲಿ ಇರಬಾರದ ಕಡೆ ಇತ್ತು.

ಮನೆಯಲ್ಲಿ ಈ ಮಾತು ಹಿತವಾಗಿ ಕೇಳಲಿಲ್ಲ. ಮಾಸ್ತರರ ತಮ್ಮಂದಿರಲ್ಲಿ ಒಬ್ಬರು ಕಾನೂನು ಬಲ್ಲವರು. ಇಷ್ಟು ಹಳೆಯ ಪಾಲನ್ನು ಯಾವ ನ್ಯಾಯಾಲಯವೂ ತೆರೆಯುವುದಿಲ್ಲವೆಂದರು. ಅದು ಸರಿಯಾದ ಮಾತೇ. ಇನ್ನೊಬ್ಬರು, ಕೊಡುವುದಾದರೆ 1969ರ ಧಾರಣೆಯಂತೆ ಹಣ ಕೊಟ್ಟುಬಿಡೋಣ, ಲೆಕ್ಕ ತೀರುತ್ತದೆ ಎಂದರು. ಆ ಲೆಕ್ಕದಲ್ಲಿ ಬರುತ್ತಿದ್ದ ಮೊತ್ತ ಇಂದು ಒಂದು ಒಳ್ಳೆಯ ಸೀರೆಗೂ ಸಾಲದು. ಕಡಿಮೆ ಅಳತೆಯಲ್ಲಿ ಕೊಟ್ಟು ಹೆಚ್ಚಿನ ಅಳತೆಯಲ್ಲಿ ಕೊಳ್ಳುವುದೂ ಅದೇ ವ್ರತದ ಅತಿಚಾರಗಳಲ್ಲಿ ಒಂದೆಂಬುದು ಮಾಸ್ತರರಿಗೆ ನೆನಪಾಯಿತು. ಆದರೆ ತಮ್ಮಂದಿರಿಗೆ ಶಾಸ್ತ್ರ ಹೇಳಿ ಬಾಯಿ ಮುಚ್ಚಿಸಬಾರದೆಂದು ಸುಮ್ಮನಿದ್ದರು. ಬಂಗಾರಕ್ಕೆ ಬಂಗಾರ, ತೂಕಕ್ಕೆ ತೂಕ ಎಂದು ಮಾತ್ರ ಹೇಳಿದರು. ಅವರ ಹೆಂಡತಿ ಎರಡು ದಿನ ಮಾತನಾಡಲಿಲ್ಲ. ಪಿಂಚಣಿಯ ಮೇಲೆ ನಡೆಯುವ ಮನೆಯಲ್ಲಿ ಎರಡು ತೊಲೆ ಸಣ್ಣ ಮಾತಲ್ಲ, ಆಕೆಯನ್ನು ದೂರುವಂತಿಲ್ಲ.

ಬಿಲ್ವಾರ ಅಕ್ಕನ ಮದುವೆಗೆ ಹೋಗಿತ್ತು. ಅಕ್ಕ ಇರುವುದು ಹಗರಿಬೊಮ್ಮನಹಳ್ಳಿಯಲ್ಲಿ. ಮಾಸ್ತರರು ಅಲ್ಲಿಗೂ ಹೋದರು, ಕೇಳುವುದಕ್ಕಲ್ಲ, ತಿಳಿಸುವುದಕ್ಕೆ. ಬಿಲ್ವಾರವನ್ನು ಕರಗಿಸಿ ಸೊಸೆಯಂದಿರಿಗೆ ಸರ ಮಾಡಿಸಿ ಬಹಳ ವರ್ಷಗಳಾಗಿದ್ದವು. ಅಕ್ಕ ಎಲ್ಲವನ್ನೂ ಕೇಳಿ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವರ ಕೈಯಲ್ಲಿ ಒಂದು ತೊಲೆಯ ಉಂಗುರ ಮತ್ತು ಓಲೆಗಳಿದ್ದವು. “ನಾ ಹಾಕ್ಕೊಂಡ ಬಂಗಾರ, ಅರ್ಧ ನಂದು ಇರ್ಲಿ” ಎಂದರು.

ಸಂಪುಟ, ಪ್ರಯೋಗಾಲಯದ ಚೀಟಿ ಮತ್ತು ಒಂದು ಸಣ್ಣ ಗಂಟಿನೊಡನೆ ಮಾಸ್ತರರು ಹರಪನಹಳ್ಳಿಗೆ ಹೋದರು. ಕಕ್ಕಿ ಮೊದಲು ಕೇಳಿದ್ದು ಒಂದೇ ಮಾತು: “ಎಲುಬು ಐತೇನಪ್ಪಾ ಇದರಾಗ?”

“ಇಲ್ಲ ಕಕ್ಕಿ. ಬರೀ ಮಣ್ಣು, ಕಲ್ಲು.”

ಆಕೆ ಕೈಮುಗಿದು ಸ್ವಲ್ಪ ಹೊತ್ತು ಕುಳಿತರು. ಅತ್ತೆಯವರ ಹೆಸರನ್ನು ಮೆಲ್ಲನೆ ಹೇಳಿಕೊಂಡರು. ಆಮೇಲೆ ಮಾಸ್ತರರು ಮನ್ರೋನ ವಿಷಯವನ್ನೂ ಪಾಲುಪತ್ರದ ವಿಷಯವನ್ನೂ ತಿಳಿಸಿ ಗಂಟನ್ನು ಮುಂದಿಟ್ಟರು. ಬೇಡವೆಂದು ಆಕೆ ದೂಡುವರೆಂದು ಅವರು ನಿರೀಕ್ಷಿಸಿದ್ದರು. ಒಳಗೊಳಗೆ ಹಾಗೆ ಆಶಿಸಿದ್ದೂ ಉಂಟು. ಕಕ್ಕಿ ಗಂಟನ್ನು ಬಿಚ್ಚಿ, ಒಂದೊಂದನ್ನೂ ಅಂಗೈಯಲ್ಲಿಟ್ಟು ತೂಗಿ ನೋಡಿ, ಮತ್ತೆ ಕಟ್ಟಿದರು.

“ನಿಮ್ಮ ಕಾಕಾ ಆಸ್ಪತ್ರ್ಯಾಗ ಇದ್ದಾಗ ಇದು ಇದ್ದಿದ್ರ ಭಾಳ ಉಪಯೋಗ ಆಗ್ತಿತ್ತು” ಎಂದರು. ದನಿಯಲ್ಲಿ ದೂರು ಇರಲಿಲ್ಲ. “ಇರ್ಲಿ. ಮಾಳಿಗೆ ಸೋರ್ತೈತಿ, ಮಳೆಗಾಲಕ್ಕ ಮೊದ್ಲು ಅದನ್ನ ಮಾಡಸ್ತೀನಿ.” ಗಂಟು ಸೆರಗಿಗೆ ಸೇರಿತು. ಮಾಸ್ತರರಿಗೆ ತಲೆ ತಗ್ಗಿಸದೆ ಬೇರೆ ದಾರಿಯಿರಲಿಲ್ಲ.

ಮರುದಿನ ಇಬ್ಬರೂ ಬಸದಿಗೆ ಹೋದರು. ಸಂಪುಟವನ್ನು ತೊಳೆದು ಹೊಸ ಕೇಸರಿ ತುಂಬಿದ್ದರು. ಟ್ರಸ್ಟಿನ ಹಿರಿಯರು ಚೀಟಿಯನ್ನು ಓದಿ ಸಂತೋಷದಿಂದ ಸ್ವೀಕರಿಸಿದರು. ದಾನದ ವಹಿಯನ್ನು ಬರೆಯುವ ತರುಣ ಕಾರ್ಯದರ್ಶಿ ಮಾತ್ರ ಆಗಲೇ ಒಂದು ಸಾಲು ಬರೆದಿದ್ದನು: ಸರ್ ಥಾಮಸ್ ಮನ್ರೋರವರಿಂದ ಬಂದ ಐತಿಹಾಸಿಕ ಸಂಪುಟ. ಹಾಗೆ ಬರೆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಯಾತ್ರಿಕರಿಗೆ ತೋರಿಸಬಹುದೆಂಬುದು ಅವನ ಆಶಯ. ಅವನಲ್ಲಿ ಕಪಟವಿರಲಿಲ್ಲ, ಉತ್ಸಾಹವಿತ್ತು. ಮಾಸ್ತರರು ಕೋಗಳಿಯ ಶಾಸನಗಳನ್ನು ನೆನಪಿಸಿದರು. 13ನೇ ಶತಮಾನದಲ್ಲಿ ಅಲ್ಲಿಯ ಚೆನ್ನಪಾರ್ಶ್ವನಿಗೆ ಭಕ್ತರು ಕೊಟ್ಟ ಹೊನ್ನಿನ ದತ್ತಿಗಳನ್ನು ಕಲ್ಲಿನಲ್ಲಿ ಬರೆಯಿಸಿದ್ದಾರೆ. ಕೊಟ್ಟದ್ದೇನೋ ಅದನ್ನೇ ಬರೆಯಿಸಿದ್ದಾರೆ. ಕಾರ್ಯದರ್ಶಿ ಸಾಲನ್ನು ಹೊಡೆದುಹಾಕಿದನು. ಏನು ಬರೆಯಲೆಂದು ಅವನು ಕೇಳಿದ್ದು ಮಾಸ್ತರರನ್ನು. ಉತ್ತರ ಕೊಟ್ಟವರು ಕಕ್ಕಿ. ವಹಿಯಲ್ಲಿ ಈಗ ಹೀಗಿದೆ:

“ಪಿಂಗಾಣಿ ಭರಣಿ ಒಂದು, ಮುಚ್ಚಳ ಸಹಿತ, ಜಾತ್ರೆಯ ಸಾಮಾನು. ಎಡಗಡೆ ಅಂಚು ಒಡೆದಿದೆ. ಎಲುಬು ಇಲ್ಲ. ಕೇಸರಿ ಇಡಲು.”